ಸಪ್ಪೊರೊದ ಚಳಿಯಲ್ಲಿ ನನ್ನ ವೀಣೆಯ ಮೇಣ ಮೆತ್ತಗಾದ ಕಥೆ

ಫೆಬ್ರವರಿಯಲ್ಲಿ ಜಪಾನಿನ ಸಪ್ಪೊರೊದಲ್ಲಿ ಸಂಗೀತ ಕಛೇರಿ, ನಾಲ್ಕು ದಿನ ಮೊದಲೇ ಹೋಗಿ ಹಿಮ ನೋಡ್ತೀವಿ, ಎಂಥ ಕೋಟು ತಗೊಳ್ಳಬೇಕು ಅಂತ ಕೇಳಿದ್ದೀರಿ. ಕೋಟು ಅಲ್ಲೇ ಸಿಗುತ್ತದೆ, ಬಿಡಿ. ಜೊತೆಗೆ ವೀಣೆ ಇದೆ ಅಂದಿರಲ್ಲ, ನನಗೆ ಅಲ್ಲೇ ಎದೆ ಧಸಕ್ಕೆಂದಿತು.

ನಾವೂ ಹಾಗೇ ಮೊದಲೇ ಹೋಗಿದ್ದೆವು. ಹಾಡುವವರು, ಮೃದಂಗದವರು, ನಾನು. ಹೊರಗೆ ಮೈನಸ್ 7. ನಿಲ್ದಾಣದಿಂದ ನಡೆದು ಬರುವಷ್ಟರಲ್ಲಿ ವೀಣೆ ಪೆಟ್ಟಿಗೆ ಮೇಲೆ ರವೆ ಉದುರಿಸಿದ ಹಾಗೆ ಹಿಮ. ರೂಮಿನಲ್ಲಿ ಸೀಮೆಎಣ್ಣೆ ಹೀಟರ್ ಉರಿಯುತ್ತಿತ್ತು. ಪಾಪ, ವೀಣೆಗೂ ಚಳಿಯಾಗಿರುತ್ತೆ ಅಂತ ತೆಗೆದು ಅದರ ಎದುರಿಗೇ ಮಲಗಿಸಿದೆ!

ಈ ದಡ್ಡತನವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪೆಟ್ಟಿಗೆ ತಕ್ಷಣ ತೆರೆದದ್ದೇ ತಪ್ಪು. ಫ್ರಿಜ್‌ನಿಂದ ತೆಗೆದ ಚೊಂಬಿನ ಹಾಗೆ ಇಡೀ ವೀಣೆ ಬೆವರಿತು. ಅದನ್ನು ಒರೆಸಿ ಒಣಗಲಿ ಅಂತ ಹೀಟರ್‌ಗೆ ಇನ್ನೂ ಹತ್ತಿರ ತಳ್ಳಿದೆ. ವೀಣೆಯ 24 ಮೆಟ್ಟಿಲೂ, ಅಂದರೆ ತಂತಿ ಒತ್ತುವ ಲೋಹದ ಅಡ್ಡಪಟ್ಟಿಗಳೆಲ್ಲ, ನಿಂತಿರೋದು ಮೇಣದ ಮೇಲೆ ಅಲ್ವಾ? ಜೇನುಮೇಣ ಕರಗಲು 60 ಡಿಗ್ರಿಗಿಂತ ಜಾಸ್ತಿ ಬೇಕು, ಮೆತ್ತಗಾಗಲು ಅಷ್ಟೆಲ್ಲ ಬೇಡ. ಸಾಲದ್ದಕ್ಕೆ ಅದೇ ಬಿಸಿಯಲ್ಲಿ ಅರ್ಧ ಗಂಟೆ ಅಭ್ಯಾಸ ಮಾಡಿದೆ. ಒತ್ತಿದ ಕಡೆಯೆಲ್ಲ ಮೆಟ್ಟಿಲು ಕೂತಿತು. ಬೆಳಿಗ್ಗೆ ನುಡಿಸಿದರೆ ತಂತಿ ಮುಂದಿನ ಮೆಟ್ಟಿಲಿಗೆ ತಾಗಿ ಝರ್ರ್ ಅನ್ನುತ್ತಿದೆ. ಮೈಸೂರಿನಲ್ಲಾದರೆ ಆಟೋ ಹತ್ತಿ ಮೇಳ ಕಟ್ಟುವವರ, ಅಂದರೆ ಮೇಣದ ಮೇಲೆ ಮೆಟ್ಟಿಲು ಜೋಡಿಸಿ ಕೊಡುವವರ, ಮನೆಗೆ ಓಡಬಹುದಿತ್ತು. ಅಲ್ಲಿ ಯಾರಿದ್ದಾರೆ? ಚಮಚ ಕಾಯಿಸಿ ಮೇಣಕ್ಕೆ ಒತ್ತಿ ಎರಡು ಮೆಟ್ಟಿಲು ಎಬ್ಬಿಸಿದೆ. ಕಛೇರಿಯಲ್ಲಿ ಉಳಿದ ಸ್ವರಗಳನ್ನು ಹಿಂದಿನ ಮೆಟ್ಟಿಲಿನಿಂದಲೇ ತಂತಿ ಎಳೆದು ಹಿಡಿದೆ. ಒಂದೂವರೆ ಗಂಟೆ. ಬೆರಳು ಕಿತ್ತು ಬಂತು. ಊರಿಗೆ ಬಂದ ಮೇಲೆ ಮೇಳ ಕಟ್ಟುವವರು ಚಮಚದ ಗುರುತು ನೋಡಿ, "ಇದರ ಮೇಲೆ ದೋಸೆ ಹುಯ್ದಿರಾ?" ಅಂದರು.

ಹಾಗಾಗಿ ನಾಲ್ಕು ದಿನ ಮೊದಲು ಹೋಗಲೇಬೇಡಿ. ಕಛೇರಿ ಮುಗಿಸಿ, ಆಮೇಲೆ ಉಳಿಯಿರಿ. ರೂಮಿಗೆ ಬಂದ ಮೇಲೆ ಪೆಟ್ಟಿಗೆಯನ್ನು ಹೀಟರ್‌ನಿಂದ ದೂರ ಇಟ್ಟು, ನಾಲ್ಕೈದು ಗಂಟೆ ಮುಚ್ಚಿಯೇ ಬಿಡಿ. ಒಂದು ಒದ್ದೆ ಟವೆಲ್ ನೇತುಹಾಕಿ. ಹೀಟರ್ ಗಾಳಿ ಒಣಗಿದ್ದು, ಮೃದಂಗದ ಚರ್ಮ ಬಿಗಿದು ಶ್ರುತಿ ಮೇಲೇರುತ್ತದೆ.

ಹಿಮದ ಶಿಲ್ಪಗಳನ್ನು ರಾತ್ರಿ ದೀಪ ಹಾಕಿದ ಮೇಲೆ ನೋಡಿ. 1950ರಲ್ಲಿ ಶಾಲೆ ಮಕ್ಕಳು ಓಡೋರಿ ಪಾರ್ಕಿನಲ್ಲಿ ಆರು ಶಿಲ್ಪ ಮಾಡಿ ಶುರುವಾದ ಹಬ್ಬ ಅದು. ಈಗ ಆ ಉದ್ದನೆಯ ಪಾರ್ಕು ನಡೆದು ಮುಗಿಸುವಷ್ಟರಲ್ಲಿ ಮೂಗು ಇದೆಯೋ ಇಲ್ಲವೋ ಗೊತ್ತಾಗಲ್ಲ. ಮಾರನೇ ದಿನ ಬಸ್ಸಿನಲ್ಲಿ ಒಂದು ಗಂಟೆ ದೂರದ ಜೋಜಾನ್‌ಕೇಗೆ ಹೋಗಿ. ಬಯಲಲ್ಲೇ ಬಿಸಿನೀರಿನ ಕೊಳ. ಕುತ್ತಿಗೆವರೆಗೆ ಸುಡುವ ನೀರು, ತಲೆ ಮೇಲೆ ಹಿಮ. ನಾನು ಎಷ್ಟು ಹೊತ್ತು ಕೂತಿದ್ದೆನೋ, ಇಷ್ಟು ವರ್ಷ ತಂತಿ ತಿಕ್ಕಿ ಗಟ್ಟಿಯಾದ ಬೆರಳ ತುದಿ ನೆನೆಹಾಕಿದ ಕಡಲೆಯಂತಾಯಿತು. ಎರಡು ದಿನ ತಂತಿ ಮುಟ್ಟಲು ಆಗಲಿಲ್ಲ. ಮುಟ್ಟಬೇಕಾಗಿಯೂ ಇರಲಿಲ್ಲ.