ಆಷಾಢದ ಮೋಡ ಮತ್ತು ತಾರಸಿಯ ಸೋಲಾರ್ ಲೆಕ್ಕ

ಪ್ರಶ್ನೆ: ಕಳೆದ ನವೆಂಬರ್‌ನಲ್ಲಿ ನಮ್ಮ ಮನೆಯ ತಾರಸಿಯ ಮೇಲೆ 540 ವಾಟ್‌ನ ಆರು ಸೋಲಾರ್ ಪ್ಯಾನೆಲ್‌ಗಳನ್ನು ಹಾಕಿಸಿ, ಮೆಸ್ಕಾಂನಿಂದ ನೆಟ್ ಮೀಟರ್ ಪಡೆದೆವು. ಫೆಬ್ರವರಿಯಲ್ಲಿ ದಿನಕ್ಕೆ ಸುಮಾರು 14 ಯೂನಿಟ್ ಬರುತ್ತಿತ್ತು. ಬಿರುಬೇಸಿಗೆಯಲ್ಲಿ ಇನ್ನೂ ಹೆಚ್ಚಾಗುತ್ತದೆ ಎಂದುಕೊಂಡಿದ್ದರೆ ಮೇ ತಿಂಗಳಲ್ಲಿ 12ಕ್ಕೆ ಇಳಿಯಿತು. ಈಗ ಜುಲೈನಲ್ಲಿ 5 ಯೂನಿಟ್ ಬಂದರೆ ಅದೇ ದೊಡ್ಡದು. ಅಳವಡಿಸಿದವರನ್ನು ಕೇಳಿದರೆ ‘ಮಳೆಗಾಲ ಅಲ್ವಾ ಸಾರ್’ ಎನ್ನುತ್ತಾರೆ. ಪ್ಯಾನೆಲ್‌ಗಳಲ್ಲಿ ದೋಷವಿರಬಹುದೇ? ಇನ್ನೆರಡು ಪ್ಯಾನೆಲ್ ಸೇರಿಸಿದರೆ ಸರಿಹೋದೀತೇ?
– ಓದುಗರು, ಸಾಗರ

ಉತ್ತರ: ಮೊದಲು ಮೇ ತಿಂಗಳ ವಿಷಯವನ್ನು ನೋಡೋಣ, ಏಕೆಂದರೆ ಹೆಚ್ಚಿನವರ ಗೊಂದಲ ಶುರುವಾಗುವುದು ಅಲ್ಲಿಯೇ. ಪ್ಯಾನೆಲ್‌ಗೆ ಬೇಕಾದದ್ದು ಬೆಳಕು. ಶಾಖ ಅದಕ್ಕೆ ಹಾನಿಯೇ ಹೊರತು ಲಾಭವಲ್ಲ. ಪ್ಯಾನೆಲ್‌ನ ಹಿಂಬದಿಯಲ್ಲಿ ನಮೂದಾಗಿರುವ 540 ವಾಟ್ ಎಂಬ ಅಂಕಿಯು, ಚದರ ಮೀಟರಿಗೆ 1000 ವಾಟ್ ಬೆಳಕು ಬೀಳುತ್ತಿದ್ದು ಒಳಗಿನ ಸಿಲಿಕಾನ್ ಕೋಶಗಳು 25 ಡಿಗ್ರಿ ಸೆಲ್ಸಿಯಸ್‌ನಲ್ಲಿರುವಾಗ ಸಿಗುವ ಶಕ್ತಿಯನ್ನು ಸೂಚಿಸುತ್ತದೆ. ಬೇಸಿಗೆಯ ನಡುಹಗಲಿನಲ್ಲಿ ಆ ಕೋಶಗಳು 60 ಡಿಗ್ರಿಯನ್ನೂ ದಾಟುತ್ತವೆ. 25ರ ಮೇಲಿನ ಪ್ರತಿ ಡಿಗ್ರಿಗೆ ಶೇ 0.3ರಿಂದ 0.4ರಷ್ಟು ಶಕ್ತಿ ಕಡಿಮೆಯಾಗುವುದರಿಂದ, ಆ ಹೊತ್ತಿನಲ್ಲಿ ಶೇ 12ರ ಆಸುಪಾಸು ನಷ್ಟ ಸಹಜ.

ಆದರೆ ಎಲ್ಲವನ್ನೂ ತಾಪದ ತಲೆಗೆ ಕಟ್ಟುವುದು ಸರಿಯಲ್ಲ. ಫೆಬ್ರವರಿಯ ಮಧ್ಯಾಹ್ನವೂ ಪ್ಯಾನೆಲ್ ಸಾಕಷ್ಟು ಕಾಯುತ್ತದೆ. ಎರಡು ತಿಂಗಳುಗಳ ನಡುವೆ ಶಾಖದಿಂದಾಗುವ ವ್ಯತ್ಯಾಸ ಶೇ ಮೂರ್ನಾಲ್ಕರಷ್ಟಿರಬಹುದು, ಅಷ್ಟೆ. ಉಳಿದದ್ದಕ್ಕೆ ಮಲೆನಾಡಿನಲ್ಲಿ ಏಪ್ರಿಲ್–ಮೇ ತಿಂಗಳ ಮಧ್ಯಾಹ್ನದ ನಂತರ ಕಟ್ಟುವ ಮೋಡ, ಗಾಳಿಯಲ್ಲಿನ ಧೂಳು ಹಾಗೂ ಸೂರ್ಯನ ಕೋನ ಕಾರಣ. ನಮ್ಮ ಕಡೆ ಪ್ಯಾನೆಲ್‌ಗಳನ್ನು ಸಾಮಾನ್ಯವಾಗಿ ದಕ್ಷಿಣಕ್ಕೆ 10–15 ಡಿಗ್ರಿ ಓರೆಯಾಗಿಸಿ ಕೂರಿಸುತ್ತಾರೆ. ಸಾಗರದಲ್ಲಿ ಏಪ್ರಿಲ್ ಕೊನೆಯ ಹೊತ್ತಿಗೆ ಸೂರ್ಯ ನಡುನೆತ್ತಿಗೆ ಬಂದು, ಜೂನ್ 21ರ ವೇಳೆಗೆ ಸುಮಾರು 9 ಡಿಗ್ರಿ ಉತ್ತರಕ್ಕೆ ಸರಿದಿರುತ್ತಾನೆ. ಅಂದರೆ ದಕ್ಷಿಣಕ್ಕೆ ಮುಖ ಮಾಡಿದ ಪ್ಯಾನೆಲ್‌ಗೆ ಆಗ ಬಿಸಿಲು ನೇರವಾಗಿ ಬೀಳುವುದಿಲ್ಲ. ಹೀಗಾಗಿ ಶುಭ್ರ ಆಕಾಶದ ಫೆಬ್ರವರಿ–ಮಾರ್ಚ್ ತಿಂಗಳುಗಳೇ ಕರ್ನಾಟಕದ ಬಹುತೇಕ ತಾರಸಿಗಳಿಗೆ ಸುಗ್ಗಿಯ ಕಾಲ.

ಇನ್ನು ಜುಲೈ. ಆರಿದ್ರಾ, ಪುನರ್ವಸು ಮಳೆಗಳ ದಟ್ಟ ಮೋಡದಡಿ ನೇರ ಬಿಸಿಲು ಇರುವುದೇ ಇಲ್ಲ. ಚದುರಿ ಬರುವ ಬೆಳಕು ಚದರ ಮೀಟರಿಗೆ 100–200 ವಾಟ್‌ಗೆ ಇಳಿಯುತ್ತದೆ, ಆಗ ನಿಮ್ಮ ಆರೂ ಪ್ಯಾನೆಲ್‌ಗಳು ಸೇರಿ ಕೊಡುವುದು ಮುನ್ನೂರರಿಂದ ಆರುನೂರು ವಾಟ್ ಮಾತ್ರ. ಅದೇ ದಿನ ಮಳೆನೆರಳಿನ ಚಿತ್ರದುರ್ಗ, ಬಳ್ಳಾರಿಯಲ್ಲಿ ಮೋಡದ ಸಂದುಗಳಿಂದ ಬಿಸಿಲು ಬೀಳುತ್ತಿರಬಹುದು. ಆದ್ದರಿಂದ ಬಯಲುಸೀಮೆಯ ಬಂಧುಗಳ ಲೆಕ್ಕದ ಜೊತೆ ನಿಮ್ಮದನ್ನು ಹೋಲಿಸಬೇಡಿ. ಇಷ್ಟರಮಟ್ಟಿಗೆ ಅಳವಡಿಸಿದವರ ಮಾತು ನಿಜ. ಆದರೂ ದಿನಕ್ಕೆ 5 ಯೂನಿಟ್ ಎಂಬುದು ತಿಂಗಳಿಡೀ ಹಾಗೆಯೇ ಇದ್ದರೆ, ಮಲೆನಾಡಿಗೂ ಸ್ವಲ್ಪ ಕಡಿಮೆಯೆಂದೇ ನನ್ನ ಅಭಿಪ್ರಾಯ. ಮಳೆಗಾಲದ ಹೆಸರಿನಲ್ಲಿ ಬೇರೆ ದೋಷಗಳು ಮರೆಯಾಗಿ ಕೂರುವುದುಂಟು.

ಅವನ್ನು ಬೇರ್ಪಡಿಸಲು ಇನ್ವರ್ಟರ್‌ನ (ಪ್ಯಾನೆಲ್‌ಗಳ ವಿದ್ಯುತ್ತನ್ನು ಮನೆಬಳಕೆಗೆ ಒಗ್ಗುವಂತೆ ಬದಲಿಸುವ ಪೆಟ್ಟಿಗೆ) ಮೊಬೈಲ್ ಆ್ಯಪ್‌ನಲ್ಲಿ ದಿನದ ಗ್ರಾಫ್ ತೆರೆಯಿರಿ. ನೆಟ್ ಮೀಟರ್ ನೋಡಿದರೆ ಪ್ರಯೋಜನವಿಲ್ಲ. ಅದು ಗ್ರಿಡ್‌ನಿಂದ, ಅಂದರೆ ಮೆಸ್ಕಾಂನ ವಿದ್ಯುತ್ ಜಾಲದಿಂದ, ಪಡೆದದ್ದನ್ನೂ ಗ್ರಿಡ್‌ಗೆ ಕೊಟ್ಟದ್ದನ್ನೂ ಅಳೆಯುತ್ತದೆಯೇ ಹೊರತು, ಉತ್ಪಾದನೆಯಾಗಿ ಮನೆಯಲ್ಲೇ ಖರ್ಚಾದದ್ದನ್ನು ತೋರಿಸುವುದಿಲ್ಲ. ಮೋಡದ ದಿನದ ಗ್ರಾಫ್ ಗರಗಸದ ಹಲ್ಲಿನಂತೆ ಏರಿಳಿಯುತ್ತದೆ, ಆದರೆ ಹಗಲಿನಲ್ಲಿ ಸೊನ್ನೆ ಮುಟ್ಟುವುದಿಲ್ಲ. ನಡುಹಗಲಿನಲ್ಲಿ ಗೆರೆ ಒಮ್ಮೆಲೇ ಸೊನ್ನೆಗೆ ಬಿದ್ದು ಅಲ್ಲೇ ಮಲಗಿದ್ದರೆ ಅದು ಕರೆಂಟ್ ಹೋದ ಹೊತ್ತು: ಬ್ಯಾಟರಿಯಿಲ್ಲದ ಗ್ರಿಡ್ ಸಂಪರ್ಕದ ಇನ್ವರ್ಟರ್, ಲೈನ್ ದುರಸ್ತಿ ಮಾಡುವವರ ಸುರಕ್ಷತೆಗಾಗಿ, ಪೂರೈಕೆ ನಿಂತ ಕೂಡಲೇ ತಾನೂ ನಿಲ್ಲುತ್ತದೆ, ಕರೆಂಟ್ ಬಂದ ಮೇಲೂ ಕೆಲಹೊತ್ತು ಕಾದೇ ಮತ್ತೆ ಶುರುವಾಗುತ್ತದೆ. ಮರ ಬಿದ್ದು ತಾಸುಗಟ್ಟಲೆ ಕರೆಂಟ್ ಇಲ್ಲದ ಮಲೆನಾಡಿನ ಮಳೆಗಾಲದಲ್ಲಿ ಈ ನಷ್ಟ ಸಣ್ಣದಲ್ಲ. ದಿನವೂ ಅದೇ ಗಂಟೆಗೆ ಅದೇ ಜಾಗದಲ್ಲಿ ಗ್ರಾಫ್ ಕುಸಿಯುತ್ತಿದ್ದರೆ ಮಾತ್ರ ನೆರಳನ್ನು ಶಂಕಿಸಿ. ಸೂರ್ಯ ಉತ್ತರಕ್ಕೆ ಸರಿದಿರುವ ಈ ತಿಂಗಳುಗಳಲ್ಲಿ, ಬೇಸಿಗೆಯವರೆಗೆ ತೊಂದರೆ ಕೊಡದಿದ್ದ ಉತ್ತರ ಬದಿಯ ನೀರಿನ ಟ್ಯಾಂಕಿನ ನೆರಳು ಪ್ಯಾನೆಲ್‌ನ ಅಂಚಿಗೆ ಬರಬಹುದು. ಡಿಸೆಂಬರ್‌ನಲ್ಲಿ ಸರದಿ ದಕ್ಷಿಣ ಬದಿಯ ತೆಂಗು, ಅಡಿಕೆ ಮರಗಳದ್ದು. ಕೋಶಗಳು ಸಾಲಾಗಿ ಜೋಡಣೆಗೊಂಡಿರುವುದರಿಂದ, ನೆರಳು ಬಿದ್ದ ಜಾಗಕ್ಕಿಂತ ನಷ್ಟ ದೊಡ್ಡದಾಗಿರುತ್ತದೆ.

ಮಳೆ ನಿಂತು ಬಿಸಿಲು ಬಂದ ಒಂದು ಮಧ್ಯಾಹ್ನ, 12ರಿಂದ 1 ಗಂಟೆಯೊಳಗೆ, ಆ ಕ್ಷಣದ ಉತ್ಪಾದನೆಯನ್ನು ನೋಡಿ. ತೊಳೆದ ಗಾಜು, ತಂಪಾದ ಕೋಶ, ಶುಭ್ರ ಗಾಳಿ ಮೂರೂ ಕೂಡಿದ ಆ ಹೊತ್ತಿನಲ್ಲಿ 2.5 ಕಿಲೋವಾಟ್‌ಗಿಂತ ಹೆಚ್ಚು ಬಂದರೆ ಪ್ಯಾನೆಲ್‌ಗಳು ಆರೋಗ್ಯವಾಗಿವೆ ಎಂದೇ ತಿಳಿಯಿರಿ. ಬಿಸಿಲು ನಿಚ್ಚಳವಾಗಿದ್ದೂ ಒಂದೂವರೆ ದಾಟದಿದ್ದರೆ ಅಳವಡಿಸಿದವರನ್ನು ಕರೆಸಿ, ಸಂಪರ್ಕಗಳನ್ನು ಪರೀಕ್ಷಿಸಲು ಹೇಳಿ. ಅದಕ್ಕೂ ಮೊದಲು ಪ್ಯಾನೆಲ್‌ಗಳ ಕೆಳಗಿನ ಅಂಚನ್ನು ಗಮನಿಸಿ: ಓರೆ ಕಡಿಮೆಯಿದ್ದರೆ ಮಳೆನೀರು ಅಲ್ಯೂಮಿನಿಯಂ ಚೌಕಟ್ಟಿಗೆ ತಡೆದು ನಿಂತು, ಅಲ್ಲಿ ಬೆರಳಗಲದ ಕೆಸರಿನ ಪಟ್ಟಿ ಕಟ್ಟಿ ಪಾಚಿ ಹಿಡಿಯುತ್ತದೆ, ಅದು ಕೆಳಸಾಲಿನ ಕೋಶಗಳನ್ನು ಮುಚ್ಚುತ್ತದೆ. ಮಳೆಯೇ ತೊಳೆಯುತ್ತದೆ ಎಂಬ ನಂಬಿಕೆ ಈ ಪಟ್ಟಿಯ ಮಟ್ಟಿಗೆ ಸುಳ್ಳು. ಬೆಳಿಗ್ಗೆ ಪ್ಯಾನೆಲ್ ತಣ್ಣಗಿರುವಾಗ ಮೆದು ಬಟ್ಟೆಯಿಂದ ಒರೆಸಿದರೆ ಸಾಕು; ತಾರಸಿ ಜಾರುತ್ತಿದ್ದರೆ ಆ ಕೆಲಸವನ್ನೂ ಮುಂದೂಡಿ.

ಇನ್ನೆರಡು ಪ್ಯಾನೆಲ್ ಸೇರಿಸುವುದು ಬೇಡ. ಸಾಮರ್ಥ್ಯ ಮೂರನೇ ಒಂದರಷ್ಟು ಹೆಚ್ಚಿದರೂ 5 ಯೂನಿಟ್ ಬರುವ ದಿನ ಆರೂಮುಕ್ಕಾಲು ಸಿಗಬಹುದು. ಅದಕ್ಕಾಗಿ ಇನ್ವರ್ಟರ್‌ನ ಸಾಮರ್ಥ್ಯವನ್ನೂ ಮೆಸ್ಕಾಂನ ಅನುಮತಿಯನ್ನೂ ಹೊಸದಾಗಿ ನೋಡಬೇಕಾಗುತ್ತದೆ. ಅದರ ಬದಲು ಪ್ರತಿ ತಿಂಗಳ ಕೊನೆಯಲ್ಲಿ ಒಟ್ಟು ಉತ್ಪಾದನೆಯನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ಮುಂದಿನ ವರ್ಷದ ಜುಲೈಯನ್ನು ಈ ಜುಲೈಯೊಂದಿಗೆ ಹೋಲಿಸಿ, ಫೆಬ್ರವರಿಯೊಂದಿಗೆ ಅಲ್ಲ.