ಪ್ರತಿಕ್ರಿಯೆ: ಮಗಳ ಶಾಲೆಯ ‘ಸಾರಿ ಡೇ’

ಸಿಡ್ನಿಯ ಶಾಲೆಯಲ್ಲಿ ಮೇ 26ಕ್ಕೆ ‘ಸಾರಿ ಡೇ’ (ಮನೆಯಿಂದ ಕಿತ್ತುಕೊಂಡು ಹೋದ ಮೂಲನಿವಾಸಿ ಮಕ್ಕಳನ್ನು ನೆನೆದು ಕ್ಷಮೆ ಕೋರುವ ದಿನ) ಇನ್ನೂ ಯಾಕೆ, 2008ರಲ್ಲೇ ಆಗಿನ ಆಸ್ಟ್ರೇಲಿಯಾ ಪ್ರಧಾನಿ ಕೆವಿನ್ ರಡ್ ಕ್ಷಮೆ ಕೇಳಿ ಆಯ್ತಲ್ವಾ ಅಂತ ಕೇಳಿದ್ದೀರಿ. ಕ್ಷಮೆ ಕೇಳಿದ್ದು ನಿಜ, ಕಥೆ ಮುಗಿದಿಲ್ಲ ಸರ್.

ಸುಮಾರು 1910ರಿಂದ 1970ರವರೆಗೆ ಮೂಲನಿವಾಸಿ ಮಕ್ಕಳನ್ನು ಸರ್ಕಾರವೇ ಮನೆಯಿಂದ ಎತ್ತಿಕೊಂಡು ಹೋಗುತ್ತಿತ್ತು. ನಿಮ್ಮ ನ್ಯೂ ಸೌತ್ ವೇಲ್ಸ್‌ನಲ್ಲೇ ಕಿಂಚೇಲಾ ಅಂತ ಹುಡುಗರನ್ನು ಇಡುವ ಜಾಗ ಇತ್ತು. ಅಲ್ಲಿ ಹೆಸರಿಲ್ಲ, ಹುಡುಗನಿಗೊಂದು ನಂಬರ್. ಅದೇ ರಾಜ್ಯದ ಕೂಟಮಂಡ್ರ ಊರಿನ ಇಂಥದ್ದೇ ಜಾಗದಲ್ಲಿ ಹುಡುಗಿಯರಿಗೆ ಕಲಿಸಿದ್ದು ಬಿಳಿಯರ ಮನೆಗೆಲಸ. ಇದಕ್ಕೆಲ್ಲ ‘ರಕ್ಷಣೆ’ ಅಂತ ಹೆಸರು ಬೇರೆ!

ಈಗಿನ ನಿಯಮ ಚೆನ್ನಾಗಿದೆ: ಮಗುವನ್ನು ಬೇರೆ ಕಡೆ ಇಡಲೇಬೇಕಾದರೆ ಮೊದಲು ಅಜ್ಜಿ, ಚಿಕ್ಕಮ್ಮನಂಥ ಬಂಧುಗಳನ್ನೇ ಹುಡುಕಬೇಕು. ಆದರೂ ಹೀಗೆ ಬೇರೆ ಕಡೆ ಬೆಳೆಯುವ ಮಕ್ಕಳಲ್ಲಿ ನೂರಕ್ಕೆ 40ಕ್ಕಿಂತ ಜಾಸ್ತಿ ಮೂಲನಿವಾಸಿಗಳೇ. ದೇಶದ ಒಟ್ಟು ಮಕ್ಕಳಲ್ಲಿ ಅವರು ನೂರಕ್ಕೆ ಆರೇಳು ಅಷ್ಟೇ.