ದಾಂತೆಯ ಕಾವ್ಯದಲ್ಲಿ ಸೈತಾನ ಬೆಂಕಿಯಲ್ಲಿರದೆ ಮಂಜುಗಡ್ಡೆಯಲ್ಲಿ ಯಾಕಿದ್ದಾನೆ?

ದೇವರ ಪ್ರೀತಿಯಿಂದ ಎಲ್ಲರಿಗಿಂತ ದೂರ ಇರುವವನು ಅವನೇ, ಅದಕ್ಕೆ. ಇಟಲಿಯ ಕವಿ ದಾಂತೆ (1265–1321) 'ಡಿವೈನ್ ಕಾಮಿಡಿ'ಯಲ್ಲಿ ದೇವರನ್ನು ಬೆಳಕು, ಪ್ರೀತಿ ಎಂದೇ ಕಾಣುತ್ತಾನೆ. ಅಲ್ಲಿಂದ ದೂರ ಸರಿದಷ್ಟೂ ಕತ್ತಲೆ, ಕೊನೆಗೆ ಚಳಿ. ನರಕದ ಮೇಲಿನ ಕೆಲವು ಸುತ್ತುಗಳಲ್ಲಿ ಬೆಂಕಿಯೂ ಇದೆ. ಆದರೆ ತಳದ ಒಂಬತ್ತನೇ ಸುತ್ತು ದ್ರೋಹಿಗಳದು. ಅದು ಹೆಪ್ಪುಗಟ್ಟಿದ ಕೆರೆ. ಅದರ ನಡುವೆ, ಭೂಮಿಯ ಕೇಂದ್ರದಲ್ಲಿ, ಸೈತಾನ ಎದೆಮಟ್ಟ ಹೂತುಹೋಗಿದ್ದಾನೆ.

ದಾಂತೆಯ ಜಾಣ್ಮೆ ಇರುವುದು ಇಲ್ಲಿ: ಆ ಚಳಿ ಹುಟ್ಟುವುದೇ ಸೈತಾನನಿಂದ. ಅವನಿಗೆ ಬಾವಲಿಯದರಂಥ, ಗರಿಯಿಲ್ಲದ ಆರು ರೆಕ್ಕೆಗಳು. ಅವನ್ನು ಬಡಿದಾಗ ಏಳುವ ಗಾಳಿಯೇ ಕೆರೆಯನ್ನು ಹೆಪ್ಪುಗಟ್ಟಿಸುತ್ತದೆ. ಬಡಿದಷ್ಟೂ ಸೆರೆ ಗಟ್ಟಿ.

ಮುಖ ಮೂರು: ಒಂದು ಕೆಂಪು, ಒಂದು ಹಳದಿ ಬೆರೆತ ಬಿಳಿ, ಒಂದು ಕಪ್ಪು. ನಡುವಿನ ಬಾಯಲ್ಲಿ ಯೇಸುವನ್ನು ಹಿಡಿದುಕೊಟ್ಟ ಯೂದ, ತಲೆ ಒಳಗೆ, ಕಾಲು ಹೊರಗೆ. ಅಕ್ಕಪಕ್ಕದ ಬಾಯಿಗಳಲ್ಲಿ ಸೀಸರನನ್ನು ಕೊಂದ ಬ್ರೂಟಸ್, ಕ್ಯಾಸಿಯಸ್. ಆರು ಕಣ್ಣಲ್ಲೂ ನೀರು, ಗದ್ದದ ಮೇಲೆ ರಕ್ತ ಬೆರೆತ ಜೊಲ್ಲು. ಕಾವ್ಯದಲ್ಲಿ ಈ ನರಕವನ್ನು ಹಾದುಹೋಗುವವನು ದಾಂತೆಯೇ. ದಾರಿ ತೋರಿಸಲು ಬಂದ ರೋಮಿನ ಕವಿ ವರ್ಜಿಲ್, ದಾಂತೆಯನ್ನು ಹೊತ್ತು ಸೈತಾನನ ಮೈಕೂದಲನ್ನೇ ಹಿಡಿದು ಇಳಿಯುತ್ತಾನೆ. ಸೈತಾನ ತಡೆಯುವುದಿಲ್ಲ. ಒಂದು ಮಾತೂ ಆಡುವುದಿಲ್ಲ.

1667ರಲ್ಲಿ ಬಂದ, ಇಂಗ್ಲಿಷ್ ಕವಿ ಮಿಲ್ಟನ್‌ನ 'ಪ್ಯಾರಡೈಸ್ ಲಾಸ್ಟ್' ಕಾವ್ಯದ ಸೈತಾನ ಮಾತಿನಲ್ಲೇ ಓದುಗರನ್ನು ಮರುಳು ಮಾಡುತ್ತಾನೆ, ಅಲ್ವಾ? ದಾಂತೆ ಆ ಅವಕಾಶವನ್ನೇ ಕೊಡಲಿಲ್ಲ. ನನಗಂತೂ ಈ ಮೂಕ ಸೈತಾನನೇ ಜಾಸ್ತಿ ಭಯ ಹುಟ್ಟಿಸುತ್ತಾನೆ.